ಆರ್‌ನಲ್ಲಿ ವಿಂಡ್ ರೋಸ್: ಉತ್ತರ ಮೇಲೆ ಬರುತ್ತಿಲ್ಲ, ಎಸಳುಗಳು ವಾಲಿವೆ, ಅಂಚಿನ ಹೆಸರು ಕತ್ತರಿಸಿ ಹೋಗುತ್ತಿದೆ

ಕಡಲ_ಗಾಳಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಂಗಳೂರು ವಿಮಾನ ನಿಲ್ದಾಣದ ಮೆಟಾರ್ (ವಿಮಾನ ನಿಲ್ದಾಣಗಳ ಹವಾಮಾನ ವರದಿ) ದತ್ತಾಂಶದಿಂದ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವಿಂಡ್ ರೋಸ್ ಬರೆಯುತ್ತಿದ್ದೇನೆ, ಅಂದರೆ ಯಾವ ದಿಕ್ಕಿನಿಂದ ಎಷ್ಟು ಸಲ ಗಾಳಿ ಬೀಸಿತು ಅಂತ ಹೂವಿನ ಎಸಳಿನ ಹಾಗೆ ತೋರಿಸುವ ದುಂಡು ಚಿತ್ರ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ತಾಣದಿಂದ ಇಳಿಸಿಕೊಂಡ ಫೈಲು. ಗಾಳಿಯ ದಿಕ್ಕು ಡಿಗ್ರಿಯಲ್ಲಿದೆ, ವೇಗ ನಾಟ್‌ನಲ್ಲಿದೆ. ದಿಕ್ಕನ್ನು ಕಟ್ ಫಂಕ್ಷನ್ ಬಳಸಿ 0ಯಿಂದ 360ರವರೆಗೆ 16 ಭಾಗ ಮಾಡಿದೆ, ಹೆಸರು ಕೊಟ್ಟೆ, ಸಿಎಸ್‌ವಿಗೆ ಬರೆದಿಟ್ಟು ಮರುದಿನ ಓದಿಸಿ ಜಿಜಿಪ್ಲಾಟ್2 ಅನ್ನುವ ಚಿತ್ರದ ಪ್ಯಾಕೇಜಿನಲ್ಲಿ ಜಿಯೋಮ್_ಬಾರ್ (ಕಂಬಗಳು) ಹಾಕಿ ಕೊನೆಗೆ ಅವನ್ನು ದುಂಡಗೆ ಸುತ್ತುವ ಕೋಆರ್ಡ್_ಪೋಲಾರ್ ಸೇರಿಸಿದೆ.

ಬಂದ ಚಿತ್ರ ವಿಚಿತ್ರವಾಗಿದೆ. ಮೇಲೆ ಉತ್ತರ ಇರಬೇಕಾದ ಜಾಗದಲ್ಲಿ ಪೂರ್ವ ಬಂದು ಕೂತಿದೆ. ಅದೂ ನೆಟ್ಟಗಿಲ್ಲ, ಬಲಕ್ಕೆ ವಾಲಿಕೊಂಡಿದೆ. ಒಳಗಿನ ಉಂಗುರಗಳ ಸಂಖ್ಯೆಗಳು ಚಿತ್ರದ ಹೊರಗೆ ಎಡಗಡೆ ಸಾಲಾಗಿ ನಿಂತಿವೆ, ಯಾವುದು ಯಾವ ಉಂಗುರದ್ದು ಅಂತ ಗೊತ್ತಾಗುವುದಿಲ್ಲ. ಅಂಚಿನ ಹೆಸರುಗಳು ಅರ್ಧ ಕತ್ತರಿಸಿವೆ. ಬಣ್ಣ ಬದಲಿಸುವುದು ಗೊತ್ತು, ಉಳಿದದ್ದು ಹೇಗೆ?

ಎಣಿಕೆಗಾರ

ಮೊದಲು ಕ್ರಮ. ಸಿಎಸ್‌ವಿಗೆ ಬರೆದ ಕ್ಷಣವೇ ಫ್ಯಾಕ್ಟರ್‌ನ ಲೆವೆಲ್ಸ್, ಅಂದರೆ ಹೆಸರುಗಳ ಕ್ರಮ, ಹೋಯಿತು. ಮತ್ತೆ ಓದಿಸಿದಾಗ ಅದು ಬರೀ ಅಕ್ಷರ. ಆರ್ ಅದನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸುತ್ತದೆ, ಅದಕ್ಕೇ ಇ (ಈಸ್ಟ್, ಪೂರ್ವ) ಮೊದಲು ಬಂತು. ಫ್ಯಾಕ್ಟರ್ ಅಂತ ಮತ್ತೆ ಮಾಡಿ, ಲೆವೆಲ್ಸ್‌ಗೆ ಉತ್ತರದಿಂದ ಪ್ರದಕ್ಷಿಣೆಯಾಗಿ 16 ಹೆಸರು ಕೊಡಿ.

ವಾಲುವುದಕ್ಕೆ ಕಾರಣ ಬೇರೆ. ಕೋಆರ್ಡ್_ಪೋಲಾರ್ ಮೊದಲನೇ ಎಸಳಿನ *ಎಡ ಅಂಚನ್ನು* 12 ಗಂಟೆಯ ಜಾಗಕ್ಕೆ ತಂದಿಡುತ್ತದೆ, ನಡುವನ್ನಲ್ಲ. 16 ಎಸಳಾದರೆ ಒಂದರ ಅಗಲ 22.5 ಡಿಗ್ರಿ, ಅರ್ಧ ಅಂದರೆ 11.25. ಅಷ್ಟು ಹಿಂದಕ್ಕೆ ತಿರುಗಿಸಬೇಕು. ಸ್ಟಾರ್ಟ್ ಅನ್ನುವ ಆರ್ಗ್ಯುಮೆಂಟ್ ರೇಡಿಯನ್‌ನಲ್ಲಿ ಕೇಳುತ್ತದೆ, ಹಾಗಾಗಿ ಮೈನಸ್ ಪೈ ಭಾಗಿಸು 16. ಡೈರೆಕ್ಷನ್ 1 ಇದ್ದರೆ ಪ್ರದಕ್ಷಿಣೆ, ಅದು ಡಿಫಾಲ್ಟ್, ಮುಟ್ಟಬೇಡಿ.

(ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕ ಹಾಗೆ ಬರೆಯುತ್ತಿದ್ದೇನೆ. ಹಾಗೇ ಕಾಪಿ ಮಾಡಿ ಹಾಕಿ ಓಡುತ್ತಿಲ್ಲ ಅನ್ನಬೇಡಿ!)

ಕಡಲ_ಗಾಳಿ

ಥ್ಯಾಂಕ್ಸ್. ಉತ್ತರ ಮೇಲೆ ಬಂತು. ಆದರೆ ಪೂರ್ವ ಸರಿಯಾಗಿ 3 ಗಂಟೆಯ ಜಾಗದಲ್ಲಿಲ್ಲ, ಸ್ವಲ್ಪ ಮೇಲಿದೆ. ಪಶ್ಚಿಮ ಇನ್ನೂ ಜಾಸ್ತಿ, 8 ಗಂಟೆಯ ಹತ್ತಿರ ಹೋಗಿದೆ. ಸ್ಟಾರ್ಟ್‌ಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ನೋಡಿದೆ. ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ.

ಅಂಕಿ_ಅಜ್ಜಿ

ಎಸಳು ಎಣಿಸಿ ನೋಡಿ. 17 ಇರುತ್ತವೆ.

ವಾಯವ್ಯದ ಕಡೆಯಿಂದ ಉತ್ತರಕ್ಕೆ ಬರುವ ಜಾಗದಲ್ಲಿ ಎನ್‌ಎ (ಬೆಲೆ ಇಲ್ಲ) ಅಂತ ಸಣ್ಣ ಹೆಸರು ಇರಬೇಕು. 17 ಭಾಗವಾದರೆ ಒಂದರ ಅಗಲ ಸುಮಾರು 21.2 ಡಿಗ್ರಿ. ಆಗ ಪೂರ್ವ ಸುಮಾರು 84ರಲ್ಲಿ ಬರುತ್ತದೆ, ಪಶ್ಚಿಮ 270ರ ಬದಲು 253-254ರಲ್ಲಿ. ನೀವು ಹೇಳಿದ ಲಕ್ಷಣಕ್ಕೆ ಸರಿಹೊಂದುತ್ತದೆ ಅಲ್ವಾ? ಸ್ಟಾರ್ಟ್ ಎಷ್ಟು ತಿರುಗಿಸಿದರೂ ಇದು ಹೋಗುವುದಿಲ್ಲ. ಇಡೀ ಚಕ್ರ ತಿರುಗುತ್ತದೆ ಅಷ್ಟೇ, ಎಸಳಿನ ಅಗಲ ಬದಲಾಗುವುದಿಲ್ಲ.

ಎನ್‌ಎ ಎಲ್ಲಿಂದ ಬಂತು? ಎರಡು ಕಡೆಯಿಂದ. ಮೆಟಾರ್‌ನಲ್ಲಿ ಗಾಳಿಯ ದಿಕ್ಕು ನಿಲ್ಲದೆ ಬದಲಾಗುತ್ತಿದ್ದರೆ ವಿಆರ್‌ಬಿ ಅಂತ ಬರೆಯುತ್ತಾರೆ, ಅಲ್ಲಿ ಡಿಗ್ರಿ ಇರುವುದಿಲ್ಲ. ಎರಡನೆಯದು ನಿಮ್ಮ ಕಟ್. ಅದು ಪ್ರತಿ ಭಾಗದ ಕೆಳ ಅಂಚನ್ನು ಹೊರಗಿಡುತ್ತದೆ, ಹಾಗಾಗಿ ಸರಿಯಾಗಿ 0 ಇರುವ ಸಾಲುಗಳೆಲ್ಲ ಎನ್‌ಎ ಆಗುತ್ತವೆ. ಇನ್‌ಕ್ಲೂಡ್.ಲೋಯೆಸ್ಟ್ ಕೊಟ್ಟರೆ ಒಳಗೆ ಬರುತ್ತವೆ, ಆದರೆ ಆ ದಾರಿ ಬೇಡ. ಯಾಕೆಂದರೆ ನಿಮ್ಮ ಕಟ್‌ನಲ್ಲಿ ಇನ್ನೂ ದೊಡ್ಡ ತೊಂದರೆ ಇದೆ. 0ಯಿಂದ 22.5ರವರೆಗೆ ಉತ್ತರ ಅಂತ ಹೆಸರು ಕೊಟ್ಟಿದ್ದೀರಿ. ಉತ್ತರ ಅಂದರೆ 348.75ರಿಂದ 11.25. ಈಗ 350 ಡಿಗ್ರಿಯ ಗಾಳಿ ವಾಯವ್ಯದ ಪಕ್ಕಕ್ಕೆ ಹೋಗಿದೆ, 20 ಡಿಗ್ರಿಯದು ಉತ್ತರಕ್ಕೆ ಬಂದಿದೆ. ಚಿತ್ರವನ್ನು ಎಷ್ಟು ಚೆನ್ನಾಗಿ ಅಲಂಕಾರ ಮಾಡಿದರೂ ಇದು ತಪ್ಪೇ.

ಕಟ್ ಬಿಟ್ಟುಬಿಡಿ. ಡಿಗ್ರಿಯನ್ನು ಎಸಳಿನ ಅಗಲದಿಂದ ಭಾಗಿಸಿ, ರೌಂಡ್ ಮಾಡಿ, ಒಟ್ಟು ಎಸಳಿನ ಸಂಖ್ಯೆಯಿಂದ ಶೇಷ ತೆಗೆದು, ಮತ್ತೆ ಅಗಲದಿಂದ ಗುಣಿಸಿ. 350 ಮತ್ತು 10 ಎರಡೂ 0ಗೆ ಬರುತ್ತವೆ.

ಎಣಿಕೆಗಾರ

ಅಜ್ಜಿ ಹೇಳಿದ ಮೇಲೆ ಇನ್ನೊಂದು ಮಾತು. ಮೆಟಾರ್‌ನಲ್ಲಿ ದಿಕ್ಕನ್ನು 10 ಡಿಗ್ರಿಗೆ ಸುತ್ತಿಸಿ ಕೊಡುತ್ತಾರೆ. 10, 20, 30 ಹೀಗೆ 36 ಬೆಲೆಗಳು ಮಾತ್ರ. ಅದನ್ನು 16 ಭಾಗಕ್ಕೆ ಹಂಚಿದರೆ ಸಮ ಆಗುವುದಿಲ್ಲ. ಉತ್ತರಕ್ಕೆ 350, 360, 10 ಅಂತ ಮೂರು ಬೆಲೆ. ಅದರ ಪಕ್ಕದ ಭಾಗಕ್ಕೆ 20, 30 ಅಂತ ಎರಡೇ. ಪೂರ್ವ, ದಕ್ಷಿಣ, ಪಶ್ಚಿಮಕ್ಕೂ ಮೂರು, ಉಳಿದ 12ಕ್ಕೆ ಎರಡೆರಡು. ಗಾಳಿ ಎಲ್ಲ ಕಡೆಯಿಂದ ಸಮವಾಗಿ ಬೀಸಿದರೂ ಚಿತ್ರದಲ್ಲಿ ಕೂಡುಗುರುತು ಕಾಣುತ್ತದೆ. ಓಪನ್‌ಏರ್ ಪ್ಯಾಕೇಜಿನ ವಿಂಡ್‌ರೋಸ್ ಫಂಕ್ಷನ್‌ನಲ್ಲಿ ಇದಕ್ಕೆಂದೇ ಬಯಸ್.ಕರ್ ಅಂತ ತಿದ್ದುಪಡಿ ಇದೆ. ಕೈಯಲ್ಲಿ ಮಾಡುವವರಿಗೆ ಸುಲಭ ದಾರಿ 12 ಎಸಳು. 30 ಡಿಗ್ರಿಗೊಂದು, ಪ್ರತಿಯೊಂದಕ್ಕೂ ಮೂರು ಬೆಲೆ. 18 ಎಸಳು ಮಾಡಲು ಹೋಗಬೇಡಿ, 10 ಮತ್ತು 350 ಸರಿಯಾಗಿ ಗಡಿಯ ಮೇಲೆ ಬೀಳುತ್ತವೆ. ಆರ್‌ನ ರೌಂಡ್ ಅರ್ಧ ಬಂದಾಗ ಸಮ ಸಂಖ್ಯೆಯ ಕಡೆಗೆ ಹೋಗುವುದರಿಂದ ಒಂದು ಎಸಳು ದಪ್ಪ, ಮುಂದಿನದು ಸಣ್ಣ ಆಗುತ್ತದೆ.

ಇನ್ನೊಂದು. ಎಕ್ಸ್ ಅಕ್ಷಕ್ಕೆ ಹೆಸರು ಕೊಡಬೇಡಿ, ಡಿಗ್ರಿಯ ಸಂಖ್ಯೆಯನ್ನೇ ಕೊಡಿ. ಜಿಯೋಮ್_ಕಾಲ್, ವಿಡ್ತ್ 30. ಸ್ಕೇಲ್_ಎಕ್ಸ್_ಕಂಟಿನ್ಯುವಸ್‌ಗೆ ಲಿಮಿಟ್ಸ್ ಮೈನಸ್ 15ರಿಂದ 345. ಸ್ಟಾರ್ಟ್ ಈಗ ಮೈನಸ್ ಪೈ ಭಾಗಿಸು 12. ಸಂಖ್ಯೆ ಕೊಟ್ಟರೆ ಯಾವುದಾದರೂ ದಿಕ್ಕಿನಿಂದ ಗಾಳಿಯೇ ಬರದಿದ್ದರೂ ಆ ಜಾಗ ಖಾಲಿ ಉಳಿಯುತ್ತದೆ. ಹೆಸರು ಕೊಟ್ಟಿದ್ದರೆ ಆ ಎಸಳೇ ಮಾಯವಾಗಿ ಉಳಿದವು ಜರುಗುತ್ತವೆ (ಡ್ರಾಪ್ ಫಾಲ್ಸ್ ಕೊಡದಿದ್ದರೆ). ಎನ್‌ಎ ಕೂಡ 17ನೇ ಎಸಳಾಗಿ ಬಂದು ಕೂರುವುದಿಲ್ಲ, ಎಚ್ಚರಿಕೆ ಕೊಟ್ಟು ಹೊರಗೆ ಹೋಗುತ್ತದೆ.

ಕಡಲ_ಗಾಳಿ

ಭಾರೀ ಚೆನ್ನಾಗಿ ಬಂತು! ನಾಲ್ಕೂ ದಿಕ್ಕು ಸರಿಯಾದ ಜಾಗದಲ್ಲಿವೆ. ಜುಲೈನಲ್ಲಿ ಎಸಳುಗಳೆಲ್ಲ ಪಶ್ಚಿಮ-ನೈಋತ್ಯದ ಕಡೆ ಇವೆ, ಮುಂಗಾರು ಅಂದರೆ ಹಾಗೇ ಅಲ್ವಾ. ಆದರೆ ಜನವರಿಯಲ್ಲಿ ಉತ್ತರದ ಎಸಳು ಉಳಿದೆಲ್ಲದಕ್ಕಿಂತ ಎಷ್ಟೋ ಉದ್ದ ಬಂದಿದೆ. ಮೊದಲಿನ ಚಿತ್ರದಲ್ಲಿ ಹೀಗಿರಲಿಲ್ಲ. ವಿಮಾನ ನಿಲ್ದಾಣ ಬಜಪೆಯ ಗುಡ್ಡದ ಮೇಲೆ ಇರುವುದರಿಂದ ಹೀಗಾ?

ಅಂಕಿ_ಅಜ್ಜಿ

ಗುಡ್ಡದ ಮೇಲೆ ತಪ್ಪು ಹೊರಿಸಬೇಡಿ. ಅದು ಗಾಳಿಯೇ ಇಲ್ಲದ ಗಂಟೆಗಳು. ಮೆಟಾರ್‌ನಲ್ಲಿ ಗಾಳಿ ನಿಂತಿದ್ದರೆ ದಿಕ್ಕು 000, ವೇಗ 00 ಅಂತ ಬರೆಯುತ್ತಾರೆ. ನಿಜವಾದ ಉತ್ತರ ಗಾಳಿಗೆ 360. ಮೊದಲು ಕಟ್ ಈ 0ಗಳನ್ನು ಎನ್‌ಎಗೆ ತಳ್ಳಿತ್ತು, ಈಗ ರೌಂಡ್ ಅವನ್ನು ಉತ್ತರಕ್ಕೆ ಸೇರಿಸಿದೆ. ವೇಗ 0 ಇರುವ ಸಾಲುಗಳನ್ನು ಮೊದಲೇ ಬೇರೆ ಎತ್ತಿಡಿ. ಆದರೆ ಬಿಸಾಡಬೇಡಿ. ಶೇಕಡಾ ಲೆಕ್ಕ ಹಾಕುವಾಗ ಛೇದದಲ್ಲಿ ಅವು ಇರಲಿ, ವಿಆರ್‌ಬಿಯೂ ಇರಲಿ. ಆಗ ಎಸಳುಗಳ ಮೊತ್ತ, ನಿಂತ ಗಾಳಿ, ದಿಕ್ಕಿಲ್ಲದ ಗಾಳಿ ಮೂರೂ ಸೇರಿ 100 ಆಗುತ್ತದೆ. ಚಿತ್ರದ ಕೆಳಗೆ ಕ್ಯಾಪ್ಶನ್‌ನಲ್ಲಿ "ನಿಶ್ಚಲ ಇಷ್ಟು" ಅಂತ ಬರೆಯಿರಿ. ಎಷ್ಟೋ ವರದಿಗಳಲ್ಲಿ ಇದನ್ನು ಬರೆಯುವುದೇ ಇಲ್ಲ, ಓದುವವರಿಗೆ ಗಾಳಿ ಯಾವಾಗಲೂ ಬೀಸುತ್ತಿತ್ತು ಅನ್ನಿಸುತ್ತದೆ.

ಇನ್ನೊಂದು ಪರೀಕ್ಷೆ. ಮುಂದೆ ಯಾವತ್ತಾದರೂ ಇಆರ್‌ಎ5 (ಯುರೋಪಿನ ಹವಾಮಾನ ಮರುವಿಶ್ಲೇಷಣೆ) ತರಹದ ದತ್ತಾಂಶದಲ್ಲಿ ಯು (ಪೂರ್ವ-ಪಶ್ಚಿಮ) ಮತ್ತು ವಿ (ಉತ್ತರ-ದಕ್ಷಿಣ) ಘಟಕಗಳಿಂದ ದಿಕ್ಕು ಲೆಕ್ಕ ಹಾಕಿದರೆ ಜುಲೈ ಚಿತ್ರವನ್ನು ಮೊದಲು ನೋಡಿ. ಕರಾವಳಿಯ ಮುಂಗಾರು ಚಿತ್ರದಲ್ಲಿ ಎಸಳುಗಳು ಈಶಾನ್ಯಕ್ಕೆ ಚಾಚಿದ್ದರೆ ನೀವು ಗಾಳಿ *ಹೋಗುವ* ಕಡೆ ಬರೆದಿದ್ದೀರಿ. ಹವಾಮಾನದವರು ಗಾಳಿ *ಬರುವ* ಕಡೆಯನ್ನು ಬರೆಯುತ್ತಾರೆ. 180 ಕೂಡಿಸಿದರೆ ಸರಿಯಾಗುತ್ತದೆ.

ಪೈಥಾನ್_ಪುಟ್ಟ

ನಡುವೆ ಬಾಯಿ ಹಾಕುತ್ತಿದ್ದೇನೆ. ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದರಲ್ಲಿ ಅರ್ಧ ತಲೆನೋವೇ ಇಲ್ಲ. ಪೋಲಾರ್ ಪ್ರೊಜೆಕ್ಷನ್ ಕೊಟ್ಟರೆ 0 ಪೂರ್ವದಲ್ಲಿರುತ್ತದೆ, ಅಪ್ರದಕ್ಷಿಣೆ ತಿರುಗುತ್ತದೆ, ಅದು ಗಣಿತದವರ ರೂಢಿ. ಸೆಟ್_ಥೀಟಾ_ಝೀರೋ_ಲೊಕೇಶನ್‌ಗೆ ಎನ್, ಸೆಟ್_ಥೀಟಾ_ಡೈರೆಕ್ಷನ್‌ಗೆ ಮೈನಸ್ 1. ಮುಗಿಯಿತು. ಬಾರ್ ತಾನಾಗಿಯೇ ಕೋನದ ನಡುವೆ ಕೂರುತ್ತದೆ. ಉಂಗುರದ ಸಂಖ್ಯೆಗಳು ಎಸಳಿನ ಮೇಲೆ ಬಿದ್ದರೆ ಸೆಟ್_ಆರ್‌ಲೇಬಲ್_ಪೊಸಿಷನ್ ಕೊಟ್ಟು ಖಾಲಿ ಕಡೆಗೆ ತಿರುಗಿಸಿ.

ಎಣಿಕೆಗಾರ

ಕೋನವನ್ನು ರೇಡಿಯನ್‌ಗೆ ಬದಲಿಸಿ ಕೊಡಬೇಕು ಅನ್ನುವುದನ್ನು ಮರೆಯಬೇಡಿ, ಪುಟ್ಟಣ್ಣ. ಡಿಗ್ರಿ ಕೊಟ್ಟರೂ ಅದು ಏನೂ ಹೇಳದೆ ಬರೆಯುತ್ತದೆ, ಎಸಳುಗಳು ಸಿಕ್ಕಸಿಕ್ಕಲ್ಲಿ ಬೀಳುತ್ತವೆ.

ಆರ್‌ನಲ್ಲೂ ಸರ್ಕ್ಯುಲರ್ ಅನ್ನುವ ಪ್ಯಾಕೇಜಿನ ರೂಢಿ ಗಣಿತದವರದೇ. ಅಲ್ಲಿ ಟೆಂಪ್ಲೇಟ್‌ಗೆ ಜಿಯೋಗ್ರಾಫಿಕ್ಸ್ ಅಂತ ಕೊಟ್ಟರೆ ಉತ್ತರ ಮೇಲೆ, ಪ್ರದಕ್ಷಿಣೆ. ಗಡಿಯಾರದ ಸಮಯಕ್ಕೆ ಕ್ಲಾಕ್24 ಅಂತಲೂ ಇದೆ. ರೋಸ್.ಡಯಾಗ್‌ನಲ್ಲಿ ಬಿನ್ಸ್ ಎಷ್ಟು, ಪ್ರಾಪ್ ಎಷ್ಟು, ಶ್ರಿಂಕ್ ಎಷ್ಟು ಅಂತ ಹೊಂದಿಸಬಹುದು. ಶ್ರಿಂಕ್ 1ಕ್ಕಿಂತ ಜಾಸ್ತಿ ಕೊಟ್ಟರೆ ವೃತ್ತ ಚಿಕ್ಕದಾಗಿ ಸುತ್ತ ಜಾಗ ಸಿಗುತ್ತದೆ. ಒಂದು ವಿಷಯ ಗಮನಿಸಿ: ಅದರಲ್ಲಿ ರೇಡಿಯೈ.ಸ್ಕೇಲ್‌ನ ಡಿಫಾಲ್ಟ್ ವರ್ಗಮೂಲ. ಜಿಜಿಪ್ಲಾಟ್‌ನಲ್ಲಿ ಹಾಗಿಲ್ಲ. ಒಂದೇ ದತ್ತಾಂಶ ಎರಡರಲ್ಲೂ ಬರೆದರೆ ಬೇರೆ ಬೇರೆ ಆಕಾರ ಬರುತ್ತದೆ.

ಚುಕ್ಕಿ_ಗೆರೆ

ಈ ವರ್ಗಮೂಲದ ಮಾತು ಬಂದಿದ್ದೇ ಒಳ್ಳೆಯದಾಯಿತು. ಬಣ್ಣ, ಫಾಂಟ್ ಅಂತ ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಎಸಳಿನ ಉದ್ದ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಕಣ್ಣು ನೋಡುವುದು ವಿಸ್ತೀರ್ಣವನ್ನು.

ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಪ್ರಕಟಿಸಿದ ಕ್ರೈಮಿಯಾ ಯುದ್ಧದ ಸಾವಿನ ಚಿತ್ರ ನೋಡಿರುತ್ತೀರಿ. ಅದರಲ್ಲಿ ಎಸಳಿನ ವಿಸ್ತೀರ್ಣವೇ ಸಂಖ್ಯೆ, ಚಿತ್ರದ ಪಕ್ಕದಲ್ಲೇ ಹಾಗಂತ ಬರೆದಿದೆ. ಆರ್‌ನ ಹಿಸ್ಟ್‌ಡೇಟಾ ಪ್ಯಾಕೇಜಿನಲ್ಲಿ ನೈಟಿಂಗೇಲ್ ಅನ್ನುವ ಹೆಸರಿನಲ್ಲಿ ಆ ದತ್ತಾಂಶ ಇದೆ, 1854ರ ಏಪ್ರಿಲ್‌ನಿಂದ 1856ರ ಮಾರ್ಚ್‌ವರೆಗೆ 24 ಸಾಲು. 1855ರ ಜನವರಿ ಸಾಲು ತೆಗೆದು ನೋಡಿ. ಸೈನ್ಯ 32,393 ಮಂದಿ. ರೋಗದಿಂದ ಸತ್ತವರು 2,761, ಗಾಯದಿಂದ ಸತ್ತವರು 83. ಅಂದರೆ ಸುಮಾರು 33 ಪಟ್ಟು. ವರ್ಗಮೂಲ ಇಲ್ಲದೆ ಬರೆದರೆ ಕಾಗದದ ಮೇಲಿನ ಬಣ್ಣ 1100 ಪಟ್ಟಿಗೂ ಜಾಸ್ತಿ ಕಾಣುತ್ತದೆ. ಗಾಯದ ಎಸಳು ಕಣ್ಣಿಗೇ ಬೀಳುವುದಿಲ್ಲ.

ಬರೆದು ನೋಡಬೇಕು ಅನ್ನುವವರಿಗೆ: ಸ್ಕೇಲ್_ವೈ_ಸ್ಕ್ವೇರ್‌ರೂಟ್ ಹಾಕಿ, ವಿಡ್ತ್ 1, ಪೊಸಿಷನ್ ಐಡೆಂಟಿಟಿ. ಒಂದರ ಮೇಲೊಂದು ಪೇರಿಸಬೇಡಿ, ಆಕೆಯ ಚಿತ್ರದಲ್ಲಿ ಮೂರೂ ಬಣ್ಣ ನಡುವಿನಿಂದಲೇ ಶುರುವಾಗುತ್ತವೆ. ದೊಡ್ಡ ಎಸಳು ಚಿಕ್ಕದನ್ನು ಮುಚ್ಚದ ಹಾಗೆ ದತ್ತಾಂಶವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಆಮೇಲೆ ಬರೆಸಿ. ಏಪ್ರಿಲ್ ಎಡಗಡೆ 9 ಗಂಟೆಯಿಂದ ಶುರುವಾಗಬೇಕು, ಅದಕ್ಕೆ ಸ್ಟಾರ್ಟ್ ಮೈನಸ್ ಪೈ ಭಾಗಿಸು 2. ನೀಲಿ ರೋಗಕ್ಕೆ, ಕೆಂಪು ಗಾಯಕ್ಕೆ, ಕಪ್ಪು ಉಳಿದ ಕಾರಣಕ್ಕೆ. ಆಕೆ ಬರೆದದ್ದು ಬರೀ ಸಾವಿನ ಸಂಖ್ಯೆಯಲ್ಲ, ಸಾವಿರಕ್ಕೆ ವಾರ್ಷಿಕ ದರ. ತಿಂಗಳ ಸಂಖ್ಯೆಯನ್ನು 12ರಿಂದ ಗುಣಿಸುವುದರಿಂದ ಆ ಜನವರಿಯಲ್ಲಿ ರೋಗದ ದರವೊಂದೇ ಸಾವಿರಕ್ಕೆ 1022.8 ಬರುತ್ತದೆ. ಹಾಗೇ ವರ್ಷವಿಡೀ ನಡೆದಿದ್ದರೆ ಸೈನ್ಯ ಪೂರ್ತಿ ಹೋಗಿಬಿಡುತ್ತಿತ್ತು ಅಂತ ಅರ್ಥ.

ಕಡಲ_ಗಾಳಿ

ಹಾಗಾದರೆ ನಾನೂ ಸ್ಕೇಲ್_ವೈ_ಸ್ಕ್ವೇರ್‌ರೂಟ್ ಹಾಕಿಬಿಡಲಾ? ನನ್ನದರಲ್ಲಿ ವೇಗದ ಗುಂಪುಗಳು ಒಂದರ ಮೇಲೊಂದು ಪೇರಿಸಿವೆ.

ಚುಕ್ಕಿ_ಗೆರೆ

ತಡೀರಿ. ಪೇರಿಸಿದ ಎಸಳಿಗೆ ಅದನ್ನು ಸುಮ್ನೆ ಹಾಕಿದರೆ ಚಿತ್ರ ಸುಳ್ಳಾಗುತ್ತದೆ. ಜಿಜಿಪ್ಲಾಟ್ ಮೊದಲು ಒಂದೊಂದು ತುಂಡಿನ ವರ್ಗಮೂಲ ತೆಗೆಯುತ್ತದೆ, ಆಮೇಲೆ ಪೇರಿಸುತ್ತದೆ. ಒಂದು ಎಸಳಿನಲ್ಲಿ 4 ಮತ್ತು 9 ಶೇಕಡಾದ ಎರಡು ತುಂಡು ಇವೆ ಅಂದುಕೊಳ್ಳಿ. ವರ್ಗಮೂಲ 2 ಮತ್ತು 3, ಪೇರಿಸಿದರೆ 5. ಅಕ್ಷದ ಮೇಲೆ 5 ಅಂದರೆ 25 ಶೇಕಡಾ. ಬರಬೇಕಿದ್ದದ್ದು 13. ಎಚ್ಚರಿಕೆ ಗಿಚ್ಚರಿಕೆ ಏನೂ ಬರುವುದಿಲ್ಲ, ಚಿತ್ರ ಅಂದವಾಗಿಯೇ ಇರುತ್ತದೆ, ಅದೇ ಅಪಾಯ.

ಸರಿಯಾದ ದಾರಿ: ಪ್ರತಿ ದಿಕ್ಕಿನೊಳಗೆ ಕಡಿಮೆ ವೇಗದಿಂದ ಶುರು ಮಾಡಿ ಕಮ್‌ಸಮ್ (ಕೂಡುತ್ತಾ ಹೋಗುವ ಮೊತ್ತ) ಹಾಕಿ. ಪ್ರತಿ ತುಂಡಿಗೆ ಕೆಳ ಅಂಚು, ಮೇಲಂಚು ಎರಡೂ ನೀವೇ ಲೆಕ್ಕ ಹಾಕಿ ಜಿಯೋಮ್_ರೆಕ್ಟ್‌ಗೆ ಕೊಡಿ. ಆಗ ವರ್ಗಮೂಲ ಅಂಚುಗಳಿಗೆ ಬೀಳುತ್ತದೆ, 4ರಿಂದ 13ರವರೆಗಿನ ತುಂಡು ಸರಿಯಾದ ಜಾಗದಲ್ಲೇ ಕೂರುತ್ತದೆ. ಎಕ್ಸ್‌ಗೆ ದಿಕ್ಕು ಮೈನಸ್ 14, ಪ್ಲಸ್ 14 ಕೊಟ್ಟರೆ ಎಸಳುಗಳ ನಡುವೆ ಸಣ್ಣ ಬಿರುಕೂ ಸಿಗುತ್ತದೆ.

ಮತ್ತೆ, ನಡುವೆ ತೂತು ಮಾಡಿ ಅಲ್ಲಿ "ನಿಶ್ಚಲ" ಅಂತ ಬರೆಯುವ ಆಸೆ ಇದ್ದರೆ ಒಂದು ಆರಿಸಿಕೊಳ್ಳಿ. ತೂತು ಇಟ್ಟ ಮೇಲೆ ವರ್ಗಮೂಲ ಹಾಕಿದರೂ ವಿಸ್ತೀರ್ಣ ಸರಿಹೋಗುವುದಿಲ್ಲ.

ಹುಬ್ಬಳ್ಳಿ_ಹೈದ

ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲ ಕಷ್ಟ ಪಟ್ಟು ದುಂಡಗೆ ಯಾಕೆ ಬರೆಯಬೇಕು? ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ತೋರಿಸಿದ್ದಾರೆ, ಒಂದೇ ಅಕ್ಷದ ಮೇಲಿನ ಜಾಗವನ್ನು ಜನ ಸರಿಯಾಗಿ ಅಳೆಯುತ್ತಾರೆ, ಕೋನ ಮತ್ತು ವಿಸ್ತೀರ್ಣ ಬಂದರೆ ಎಡವುತ್ತಾರೆ. 12 ಕಂಬದ ಒಂದು ಬಾರ್ ಚಾರ್ಟ್ ಹಾಕಿ, ಕೆಲಸ ಮುಗಿಯಿತು. ವರ್ಗಮೂಲವೂ ಬೇಡ, ಪೈಯೂ ಬೇಡ.

ಅಂಕಿ_ಅಜ್ಜಿ

ಅಂಗಡಿಯ ಮಾರಾಟದ ಲೆಕ್ಕಕ್ಕೆ, ಪಕ್ಷಗಳ ಮತಕ್ಕೆ ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆ ಚಿತ್ರಗಳನ್ನು ದುಂಡಗೆ ಮಾಡುವುದು ಬರೀ ಶೋಕಿ. ಆದರೆ ದಿಕ್ಕು ನಿಜವಾಗಿಯೂ ದುಂಡಗಿದೆ. 350ರ ಪಕ್ಕದಲ್ಲೇ 10 ಇದೆ. ಉದ್ದಕ್ಕೆ ಬರೆದರೆ ಉತ್ತರದ ಗಾಳಿ ಎರಡು ತುದಿಗೆ ಹರಿದುಹೋಗುತ್ತದೆ. 350 ಮತ್ತು 10ರ ಸರಾಸರಿ ಸುಮ್ನೆ ತೆಗೆದರೆ 180 ಬರುತ್ತದೆ, ಅಂದರೆ ಉತ್ತರದ ಗಾಳಿ ದಕ್ಷಿಣದ್ದಾಯಿತು! ಇಲ್ಲಿ ಕೋನ ಅಂದರೆ ಮೈದಾನದಲ್ಲಿ ನಿಂತಾಗ ಕಾಣುವ ದಿಕ್ಕೇ. ರನ್‌ವೇ ಯಾವ ಕಡೆ ಇದೆ, ಗಾಳಿ ಯಾವ ಕಡೆಯಿಂದ ಅಂತ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು.

ಎರಡು ತಿಂಗಳನ್ನು ನಿಖರವಾಗಿ ಹೋಲಿಸಬೇಕು ಅಂದರೆ ಹುಬ್ಬಳ್ಳಿಯವರು ಹೇಳಿದ ಹಾಗೆ ಬಾರ್ ಚಾರ್ಟ್ ಪಕ್ಕದಲ್ಲಿ ಇಡಿ.

ಹುಬ್ಬಳ್ಳಿ_ಹೈದ

ದಿಕ್ಕಿಗೆ ಒಪ್ಪಿದೆ. ತಿಂಗಳಿಗೆ ಒಪ್ಪಲ್ಲ 😀 ನೈಟಿಂಗೇಲ್ ಚಿತ್ರ ಎರಡು ವೃತ್ತ ಇರುವುದರಿಂದ ಮಾರ್ಚ್‌ನಿಂದ ಏಪ್ರಿಲ್‌ಗೆ ಹೋಗಲು ಕಣ್ಣು ಹಾರಬೇಕು, 24 ತಿಂಗಳ ಒಂದು ಗೆರೆ ಸಾಕಿತ್ತು.

ಎಣಿಕೆಗಾರ

ಮೂಲ ಪ್ರಶ್ನೆಗೆ ಬರೋಣ, ಅಂಚಿನ ಹೆಸರು ಮತ್ತು ಉಂಗುರದ ಸಂಖ್ಯೆ ಇನ್ನೂ ಉಳಿದಿವೆ.

ಹೆಸರು ಕತ್ತರಿಸುವುದಕ್ಕೆ ಕೋಆರ್ಡ್_ಪೋಲಾರ್‌ಗೆ ಕ್ಲಿಪ್ ಆಫ್ ಕೊಡಿ, ಥೀಮ್‌ನಲ್ಲಿ ಪ್ಲಾಟ್.ಮಾರ್ಜಿನ್ ಹೆಚ್ಚಿಸಿ. ಲೆಜೆಂಡ್ ಬಲಗಡೆ ಇದ್ದರೆ ವೃತ್ತ ಕುಗ್ಗುತ್ತದೆ, ಕೆಳಗೆ ಹಾಕಿ. ಉಂಗುರದ ಸಂಖ್ಯೆ ಹೊರಗೆ ನಿಲ್ಲುವುದು ಕೋಆರ್ಡ್_ಪೋಲಾರ್‌ನ ಹಳೇ ಚಾಳಿ. ಆಕ್ಸಿಸ್.ಟೆಕ್ಸ್ಟ್.ವೈ ಖಾಲಿ ಮಾಡಿ, ಆನೋಟೇಟ್ ಬಳಸಿ ಎಸಳು ಕಡಿಮೆ ಇರುವ ಕೋನದಲ್ಲಿ 5%, 10%, 15% ಅಂತ ನೀವೇ ಬರೆಯಿರಿ. ಮುಂಗಾರಿನ ಚಿತ್ರಕ್ಕೆ ಪೂರ್ವದ ಕಡೆ ಖಾಲಿ ಇರುತ್ತದೆ.

ಅಥವಾ ಹೊಸದಕ್ಕೆ ಹೋಗಿ. 2024ರಲ್ಲಿ ಬಂದ ಜಿಜಿಪ್ಲಾಟ್2 3.5.0ರಲ್ಲಿ ಕೋಆರ್ಡ್_ರೇಡಿಯಲ್ ಸೇರಿಸಿದ್ದಾರೆ. ಅದರಲ್ಲಿ ಆರ್.ಆಕ್ಸಿಸ್.ಇನ್‌ಸೈಡ್ ಇದೆ, ಅಕ್ಷ ಒಳಗೇ ಬರುತ್ತದೆ, ಯಾವ ಕೋನದಲ್ಲಿ ಬೇಕು ಅಂತಲೂ ಹೇಳಬಹುದು. ಎಂಡ್ ಕೊಟ್ಟು ಅರ್ಧ ವೃತ್ತ ಮಾಡಬಹುದು, ಇನ್ನರ್.ರೇಡಿಯಸ್ ಕೊಟ್ಟು ತೂತು ಮಾಡಬಹುದು. ಆದರೆ ಎಕ್ಸ್‌ಪಾಂಡ್ ಫಾಲ್ಸ್ ಕೊಡಲೇಬೇಕು. ಇಲ್ಲದಿದ್ದರೆ ಮೊದಲ ಎಸಳಿಗೂ ಕೊನೆಯದಕ್ಕೂ ನಡುವೆ ಸೀಳು ಬಂದು ಮತ್ತೆ ದಿಕ್ಕು ಜರುಗುತ್ತದೆ.

ಕಡಿಮೆ ವೇಗದ ಬಣ್ಣ ನಡುವೆ, ಜಾಸ್ತಿ ವೇಗದ್ದು ಹೊರಗೆ ಇರುವುದು ವಿಂಡ್ ರೋಸ್‌ನ ರೂಢಿ. ಜಿಜಿಪ್ಲಾಟ್ ಬಿಟ್ಟರೆ ಉಲ್ಟಾ ಪೇರಿಸುತ್ತದೆ. ರೆಕ್ಟ್ ದಾರಿಯಲ್ಲಿ ಹೋದರೆ ಕಮ್‌ಸಮ್ ಕ್ರಮವೇ ಸಾಕು. ಕಾಲ್ ದಾರಿಯಲ್ಲಾದರೆ ಪೊಸಿಷನ್_ಸ್ಟ್ಯಾಕ್‌ಗೆ ರಿವರ್ಸ್ ಟ್ರೂ.

ಮಲೆನಾಡ_ಮಳೆ

ಬೇರೆ ಪ್ರಶ್ನೆ ಕೇಳಿದ್ದಕ್ಕೆ ಬೇಜಾರಾಗಬೇಡಿ. ಆರ್‌ನ ಸರ್ಕ್ಲೈಜ್ ಪ್ಯಾಕೇಜಿನಲ್ಲಿ ಕಾರ್ಡ್ ಡಯಾಗ್ರಾಂ (ವೃತ್ತದ ಅಂಚಿನ ಹೆಸರುಗಳನ್ನು ಪಟ್ಟಿಗಳಿಂದ ಜೋಡಿಸುವ ಚಿತ್ರ) ಬರೆಯುತ್ತಿದ್ದೇನೆ, ಜಿಲ್ಲೆಯಿಂದ ಜಿಲ್ಲೆಗೆ ವಲಸೆ. ಸುತ್ತಲಿನ ಹೆಸರುಗಳು ಒಂದರ ಮೇಲೊಂದು ಬೀಳುತ್ತಿವೆ.

ಚುಕ್ಕಿ_ಗೆರೆ

ಹೊಸ ಎಳೆ ತೆರೆದರೆ ಒಳ್ಳೆಯದಿತ್ತು, ಚಿಕ್ಕದಾಗಿ ಹೇಳುತ್ತೇನೆ. ಕಾರ್ಡ್‌ಡಯಾಗ್ರಾಂಗೆ ಆನೋಟೇಷನ್‌ಟ್ರ್ಯಾಕ್ ಗ್ರಿಡ್ ಮಾತ್ರ ಕೊಡಿ, ಅದು ತಾನಾಗಿ ಬರೆಯುವ ಹೆಸರು ಹೋಗುತ್ತದೆ. ಪ್ರಿಅಲೊಕೇಟ್‌ಟ್ರ್ಯಾಕ್ಸ್ ಕೊಟ್ಟು ಹೊರಗೆ ಜಾಗ ಕಾದಿರಿಸಿ, ಆಮೇಲೆ ಅಲ್ಲಿ ಸರ್ಕೋಸ್.ಟೆಕ್ಸ್ಟ್‌ನಿಂದ ಬರೆಯಿರಿ, ಫೇಸಿಂಗ್ ಕ್ಲಾಕ್‌ವೈಸ್, ನೈಸ್‌ಫೇಸಿಂಗ್ ಟ್ರೂ. ಹೆಸರುಗಳು ಕಡ್ಡಿ ನಿಲ್ಲಿಸಿದ ಹಾಗೆ ಹೊರಮುಖವಾಗಿ ನಿಲ್ಲುತ್ತವೆ, ಎಡಗಡೆಯವು ತಲೆಕೆಳಗಾಗುವುದಿಲ್ಲ. ಮೇಲಿನಿಂದ ಶುರುವಾಗಬೇಕಾದರೆ ಸರ್ಕೋಸ್.ಪಾರ್‌ನಲ್ಲಿ ಸ್ಟಾರ್ಟ್.ಡಿಗ್ರಿ 90. ಇದನ್ನು ಚಿತ್ರಕ್ಕೆ ಮೊದಲೇ ಕೊಡಬೇಕು. ಮುಗಿದ ಮೇಲೆ ಸರ್ಕೋಸ್.ಕ್ಲಿಯರ್ ಹಾಕಿ, ಇಲ್ಲದಿದ್ದರೆ ಮುಂದಿನ ಚಿತ್ರಕ್ಕೂ ಹಳೇ ಸೆಟ್ಟಿಂಗ್ ಅಂಟಿಕೊಳ್ಳುತ್ತದೆ.

ಕಡಲ_ಗಾಳಿ

ಎಲ್ಲ ಸರಿಯಾಯಿತು. ರೆಕ್ಟ್ ದಾರಿಯೇ ಹಿಡಿದೆ. ಈಗ ಎರಡು ಸಣ್ಣ ವಿಷಯ. ದಿಕ್ಕುಗಳ ಹೆಸರು ಕನ್ನಡದಲ್ಲಿ ಹಾಕಿದೆ. ತೆರೆಯ ಮೇಲೆ ಸರಿ ಇದೆ, ಪಿಡಿಎಫ್ ಮಾಡಿದರೆ ಚೌಕ ಚೌಕ ಬರುತ್ತದೆ. ಶೋಟೆಕ್ಸ್ಟ್ ಅನ್ನುವ ಫಾಂಟ್ ಪ್ಯಾಕೇಜ್ ಬಳಸಿದರೆ ಚೌಕ ಹೋಯಿತು, ಆದರೆ ಆಗ್ನೇಯ ಮತ್ತು ನೈಋತ್ಯದ ಒತ್ತಕ್ಷರ ಬಿಡಿಬಿಡಿಯಾಗಿ ನಿಂತಿದೆ. ಎರಡನೆಯದು, ಕನ್ನಡದಲ್ಲಿ ಎಂಟು ದಿಕ್ಕಿಗೆ ಹೆಸರಿದೆ, ನನ್ನ ಎಸಳು 12.

ಅಂಕಿ_ಅಜ್ಜಿ

ಎರಡನೆಯದು ಸುಲಭ. ಎಕ್ಸ್ ಅಕ್ಷ ಈಗ ಸಂಖ್ಯೆ ಅಲ್ವಾ? ಬ್ರೇಕ್ಸ್‌ಗೆ 0, 45, 90 ಅಂತ 315ರವರೆಗೆ ಕೊಡಿ, ಲೇಬಲ್ಸ್‌ಗೆ ಎಂಟು ಹೆಸರು. ಈಶಾನ್ಯ ಅನ್ನುವುದು 30 ಮತ್ತು 60ರ ಎಸಳುಗಳ ನಡುವಿನ ಸಂದಿಗೆ ಬರುತ್ತದೆ, ಅದು ಸರಿಯಾದ ಜಾಗವೇ. ಎಸಳಿಗೊಂದು ಹೆಸರು ಇರಲೇಬೇಕು ಅಂತೇನಿಲ್ಲ.

ಒತ್ತಕ್ಷರದ್ದು ಹೀಗೆ. ಫಾಂಟ್ ಇದ್ದರೆ ಸಾಲದು, ಅಕ್ಷರ ಕೂಡಿಸುವ ಎಂಜಿನ್ ಬೇಕು. ಸಾಮಾನ್ಯ ಪಿಡಿಎಫ್ ಡಿವೈಸ್‌ಗೆ ಅದಿಲ್ಲ. ಶೋಟೆಕ್ಸ್ಟ್ ಅಕ್ಷರಗಳನ್ನು ಒಂದೊಂದಾಗಿ ಆಕಾರ ಮಾಡಿ ಇಡುತ್ತದೆ, ಕೂಡಿಸುವುದಿಲ್ಲ. ಪಿಎನ್‌ಜಿ ಸಾಕು ಅಂದರೆ ರ್‍ಯಾಗ್ ಪ್ಯಾಕೇಜ್ ಹಾಕಿಕೊಳ್ಳಿ, ಅದು ಹಾರ್ಫ್‌ಬಜ್ ಅನ್ನುವ ಅಂಥ ಎಂಜಿನ್ ಬಳಸುತ್ತದೆ, ಜಿಜಿಸೇವ್ ತಾನಾಗಿಯೇ ಅದನ್ನು ಆರಿಸಿಕೊಳ್ಳುತ್ತದೆ. ಪಿಡಿಎಫ್ ಬೇಕೇ ಬೇಕು ಅಂದರೆ ಡಿವೈಸ್‌ಗೆ ಕೈರೋ_ಪಿಡಿಎಫ್ ಕೊಡಿ. ಥೀಮ್‌ನಲ್ಲಿ ಫ್ಯಾಮಿಲಿ ನೋಟೋ ಸಾನ್ಸ್ ಕನ್ನಡ.

ಆನೋಟೇಟ್‌ಗೆ ಮತ್ತು ಜಿಯೋಮ್_ಟೆಕ್ಸ್ಟ್‌ಗೆ ಥೀಮ್‌ನ ಫಾಂಟ್ ತಾನಾಗಿ ಹೋಗುತ್ತದೆ ಅಂತ ನಂಬಿ ಕೂರಬೇಡಿ, ಅಲ್ಲೂ ಫ್ಯಾಮಿಲಿ ಬರೆಯಿರಿ.

ಪೈಥಾನ್_ಪುಟ್ಟ

ಇದರಲ್ಲಿ ಮಾತ್ರ ಆರ್ ಮುಂದಿದೆ, ಒಪ್ಪಿಕೊಳ್ಳುತ್ತೇನೆ. ನಾನು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡಕ್ಕೆ ಎಂಪಿಎಲ್‌ಕೈರೋ ಅನ್ನುವ ಬೇರೆ ಬ್ಯಾಕೆಂಡ್ ಹಾಕಿಕೊಳ್ಳಬೇಕಾಯಿತು.

ಚುಕ್ಕಿ_ಗೆರೆ

ಜನವರಿ ಚಿತ್ರವನ್ನು ಹಾಗೇ ಬಿಡಬೇಡಿ ಕಡಲ_ಗಾಳಿ. ಕರಾವಳಿಯಲ್ಲಿ ಹಗಲು ಕಡಲಿನಿಂದ ಗಾಳಿ, ರಾತ್ರಿ ನೆಲದ ಕಡೆಯಿಂದ. ಎರಡನ್ನೂ ಒಂದೇ ವೃತ್ತದಲ್ಲಿ ಹಾಕಿದರೆ ಎರಡು ಕಡೆ ಚಾಚಿದ ಎಸಳು ಬರುತ್ತದೆ, ಯಾವುದು ಯಾವಾಗ ಅಂತ ಗೊತ್ತಾಗುವುದಿಲ್ಲ. ಫೇಸೆಟ್_ವ್ರ್ಯಾಪ್ ಹಾಕಿ ಹಗಲು, ರಾತ್ರಿ ಬೇರೆ ಮಾಡಿ. ಮೆಟಾರ್ ಸಮಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ), ಐದೂವರೆ ಗಂಟೆ ಕೂಡಿಸಿದ ಮೇಲೆಯೇ ಹಗಲು-ರಾತ್ರಿ ವಿಂಗಡಿಸಿ. ನಮ್ಮ ಮಧ್ಯಾಹ್ನ 3 ಗಂಟೆ ಅಲ್ಲಿ 9:30. ಶೇಕಡಾವನ್ನು ಪ್ರತಿ ವೃತ್ತಕ್ಕೂ ಬೇರೆ ಬೇರೆ ಲೆಕ್ಕ ಹಾಕಿ, ಅಕ್ಷ ಮಾತ್ರ ಎಲ್ಲದಕ್ಕೂ ಒಂದೇ ಇರಲಿ. ಸ್ಕೇಲ್ಸ್ ಫ್ರೀ ಕೊಡಬೇಡಿ. ವೈ ಅಕ್ಷಕ್ಕೆ ಲಿಮಿಟ್ಸ್ ಕೊಡುವಾಗ ಅತಿ ಉದ್ದದ ಎಸಳಿಗಿಂತ ಜಾಸ್ತಿ ಕೊಡಿ. ಕಡಿಮೆ ಕೊಟ್ಟರೆ ಎಸಳು ಮೊಟಕಾಗುವುದಿಲ್ಲ, ಅದರ ಹೊರಗಿನ ತುಂಡೇ ಮಾಯವಾಗುತ್ತದೆ.

ಕಡಲ_ಗಾಳಿ

ಹಗಲು-ರಾತ್ರಿ ಬೇರೆ ಮಾಡಿದೆ. ಹಗಲಿನ ವೃತ್ತ ಪಶ್ಚಿಮ-ವಾಯವ್ಯಕ್ಕೆ, ರಾತ್ರಿಯದು ಪೂರ್ವಕ್ಕೆ. ರಾತ್ರಿಯಲ್ಲಿ ನಿಶ್ಚಲದ ಪಾಲು ಹಗಲಿಗಿಂತ ತುಂಬಾ ಜಾಸ್ತಿ. ಒಟ್ಟಿಗಿದ್ದಾಗ ಇದು ಕಂಡಿರಲೇ ಇಲ್ಲ. ಕೈರೋ_ಪಿಡಿಎಫ್‌ನಲ್ಲಿ ಒತ್ತಕ್ಷರವೂ ಸರಿ ಬಂತು.

ಕೊನೆಯದು: ಡಿಪಾರ್ಟ್‌ಮೆಂಟಿನಲ್ಲಿ ಕಪ್ಪು-ಬಿಳುಪಿನಲ್ಲೇ ಪ್ರಿಂಟ್ ಕೊಡಬೇಕಂತೆ. ವಿರಿಡಿಸ್ ಬಣ್ಣ ಹಾಕಿದ್ದೇನೆ, ಇರಲಾ?

ಎಣಿಕೆಗಾರ

ವಿರಿಡಿಸ್ ಬೂದು ಬಣ್ಣಕ್ಕೆ ತಿರುಗಿದರೂ ಕ್ರಮ ಉಳಿಯುತ್ತದೆ, ಆದರೆ ಅದರಲ್ಲಿ ಕಡಿಮೆ ವೇಗ ಕಪ್ಪಗೆ, ಜಾಸ್ತಿ ವೇಗ ತೆಳ್ಳಗೆ ಬರುತ್ತದೆ. ಕಾಗದದ ಮೇಲೆ ಜೋರು ಗಾಳಿಯೇ ಮಸುಕಾಗಿ ಕಾಣುತ್ತದೆ. ವಿರಿಡಿಸ್‌ಗೆ ಡೈರೆಕ್ಷನ್ ಮೈನಸ್ 1 ಕೊಡಿ, ಇಲ್ಲವೇ ಸ್ಕೇಲ್_ಫಿಲ್_ಗ್ರೇ ಹಾಕಿ ಸ್ಟಾರ್ಟ್ 0.85, ಎಂಡ್ 0.2 ಮಾಡಿ. ವೇಗದ ಗುಂಪು ನಾಲ್ಕಕ್ಕಿಂತ ಜಾಸ್ತಿ ಬೇಡ, ಬೂದಿನಲ್ಲಿ ಐದನೆಯದನ್ನು ಗುರುತಿಸುವುದು ಕಷ್ಟ. ಪ್ರತಿ ತುಂಡಿಗೆ ತೆಳು ಕಪ್ಪು ಗೆರೆ ಕೊಡಿ, ಲೈನ್‌ವಿಡ್ತ್ 0.2 ಸಾಕು.

ಸ್ಟಾರ್ಟ್ ಅಂದರೆ ಇಲ್ಲಿ ಕೋನ ಅಲ್ಲ, ಬೂದಿನ ಮಟ್ಟ. ಅಲ್ಲಿಗೆ ಪೈ ಹಾಕಬೇಡಿ 😀